ಅಲ್ಬರಾಸಿನ್‌ಗೆ ಒಂದು ದಿನ ಸಾಕಾ? ಮೂರು ರಾತ್ರಿ ಇದ್ದು ಬಂದವನ ಮಾತು

ಕೆಂಬಂಡೆ:

ಎಲ್ಲರಿಗೂ ನಮಸ್ಕಾರ. ಸ್ಪೇನ್ ಅಂದ ಕೂಡಲೇ ಇಲ್ಲಿ ಬಾರ್ಸಿಲೋನಾ, ಮ್ಯಾಡ್ರಿಡ್, ಗ್ರನಾಡಾ ಬಗ್ಗೆಯೇ ಪ್ರಶ್ನೆ ಬರುತ್ತವೆ. ನಾನು ಬೇರೆ ಊರಿನ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ. ಅಲ್ಬರಾಸಿನ್. ತೆರುಯೆಲ್ ಪ್ರಾಂತದ ಗುಡ್ಡಗಳ ನಡುವೆ, ಸುಮಾರು 1,170 ಮೀಟರ್ ಎತ್ತರದಲ್ಲಿ, ಹೆಚ್ಚು ಕಡಿಮೆ ಸಾವಿರ ಜನ ಇರುವ ಊರು. ಅಲ್ಲಿನವರ ಬಾಯಲ್ಲಿ ಅದು ‘ಅಲ್ಬರ್ರಥೀನ್’. ಬಸ್ ಸ್ಟ್ಯಾಂಡಿನಲ್ಲಿ ಹಾಗೇ ಕೇಳಿ.

ನಾವಿಬ್ಬರೂ ಕೆಲಸದ ಮೇಲೆ ವೆಲೆನ್ಸಿಯಾದಲ್ಲಿದ್ದೇವೆ. ಹುಟ್ಟೂರು ಬಾದಾಮಿ ಹತ್ತಿರ. ಅಕ್ಟೋಬರಿನಲ್ಲಿ ಸೋಮವಾರದಿಂದ ಗುರುವಾರದವರೆಗೆ ರಜೆ ಹಾಕಿ ಹೋದೆವು. ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ. ತೆರುಯೆಲ್ ನಗರ ದಾಟಿ ಅರ್ಧ ಗಂಟೆ ಹೋದರೆ ರಸ್ತೆ ನದಿಯ ಪಕ್ಕಕ್ಕೆ ಬರುತ್ತದೆ. ಪಾಪ್ಲರ್ ಮರಗಳು ಹಳದಿಗೆ ತಿರುಗಿದ್ದವು. ಒಂದು ತಿರುವು ಕಳೆದ ಕೂಡಲೇ ಊರು ಎದುರಿಗೆ ನಿಂತಿತು. ಬೂದು ಬಂಡೆಯ ಮೇಲೆ ಒತ್ತೊತ್ತಾಗಿ ಕೂತ ಕೆಂಪು ಮನೆಗಳು. ಇಟ್ಟಿಗೆ ಕೆಂಪಲ್ಲ, ಬಣ್ಣ ಬಳಿದ ಕೆಂಪೂ ಅಲ್ಲ. ಬಾದಾಮಿಯ ಬಂಡೆ ಮೇಲೆ ಸಂಜೆ ಬಿಸಿಲು ಬಿದ್ದಾಗ ಬರುವ ಕೆಂಪು. ನನ್ನವಳು ಕಾರು ಪಕ್ಕಕ್ಕೆ ಹಾಕಿಸಿದಳು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಊರನ್ನು ಗ್ವಾಡಲವಿಯಾರ್ ಎಂಬ ನದಿ ಬಳಸಿಕೊಂಡು ಹೋಗುತ್ತದೆ. ನದಿ ಇಲ್ಲದ ಕಡೆ ಗುಡ್ಡದ ನೆತ್ತಿವರೆಗೆ ಕೋಟೆ ಗೋಡೆ. ಇದೇ ನದಿ ತೆರುಯೆಲ್ ಮುಟ್ಟಿದ ಮೇಲೆ ತುರಿಯಾ ಅಂತ ಹೆಸರು ಬದಲಿಸಿಕೊಂಡು ವೆಲೆನ್ಸಿಯಾಕ್ಕೆ ಬರುತ್ತದೆ. 1957ರ ದೊಡ್ಡ ಪ್ರವಾಹದ ನಂತರ ವೆಲೆನ್ಸಿಯಾದವರು ನದಿಯನ್ನು ಊರ ಹೊರಗೆ ತಿರುಗಿಸಿ, ಹಳೇ ಪಾತ್ರವನ್ನು ಉದ್ಯಾನ ಮಾಡಿದರು. ನಾನು ಎಷ್ಟೋ ವರ್ಷದಿಂದ ದಿನಾ ಸಂಜೆ ನಡೆಯುವುದು ಆ ನೀರಿಲ್ಲದ ನದಿಯಲ್ಲಿ. ಇಲ್ಲಿ ಬಂದು ಅದೇ ನದಿಗೆ ಕೈ ಅದ್ದಿದಾಗ ಮನಸ್ಸಿಗೆ ಏನೋ ಆಯಿತು. ನೀರು ಐಸ್ ಥರ ತಣ್ಣಗಿತ್ತು.

ಹೆಸರಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಕಾರ್ಡೋಬಾದ ಖಲೀಫರ ರಾಜ್ಯ 11ನೇ ಶತಮಾನದಲ್ಲಿ ಒಡೆದು ಚೂರಾದಾಗ ಬನು ರಾಝಿನ್ ಎಂಬ ಬರ್ಬರ್ ಮನೆತನ ಇಲ್ಲಿ ತನ್ನದೇ ಪುಟ್ಟ ರಾಜ್ಯ ಕಟ್ಟಿತು. ಊರಿನ ಹೆಸರು ಅವರದ್ದೇ. 1170ರ ಸುಮಾರಿಗೆ ಊರು ನವಾರಾದಿಂದ ಬಂದ ಅಸಾಗ್ರಾ ಮನೆತನದ ಕೈಗೆ ಬಂತು. ಅವರು ಅತ್ತ ಕಸ್ತೀಲಿಯಾ ರಾಜ್ಯಕ್ಕೂ ಇತ್ತ ಅರಗಾನ್ ರಾಜ್ಯಕ್ಕೂ ತಲೆಬಾಗದೆ ನೂರು ವರ್ಷಕ್ಕೂ ಜಾಸ್ತಿ ನಡೆಸಿದರು. ಕೊನೆಗೆ 1284ರಲ್ಲಿ ಅರಗಾನಿನ ದೊರೆ ಮೂರನೇ ಪೆದ್ರೋ ಮುತ್ತಿಗೆ ಹಾಕಿ ಹಿಡಿದ. ಇಷ್ಟು ಸಣ್ಣ ಊರು ಇಷ್ಟು ಕಾಲ ಹೇಗೆ ತಡೆದುಕೊಂಡಿತು ಅನ್ನುವುದು ಆಂದಾದೋರ್ ಬುರುಜಿನವರೆಗೆ ಹತ್ತಿ ಕೆಳಗೆ ನೋಡಿದರೆ ಗೊತ್ತಾಗುತ್ತದೆ. ಕೆಳಗೆ ನದಿಯ ಕೊರಕಲು, ಮೇಲೆ ಗೋಡೆ, ನಡುವೆ ಊರು. ಶತ್ರು ಬರಲು ದಾರಿಯೇ ಇಲ್ಲ. ಬುರುಜಿಗೆ ಹತ್ತುವ ದಾರಿಗೆ ಟಿಕೆಟ್ ಇಲ್ಲ, ಕಾವಲಿಲ್ಲ. ಬೆಳಗ್ಗೆ ಎಂಟಕ್ಕೆ ನಾವಿಬ್ಬರೇ ಇದ್ದೆವು, ಕೆಳಗಡೆ ಕಣಿವೆಯಲ್ಲಿ ರಣಹದ್ದುಗಳು ಸುತ್ತುತ್ತಿದ್ದವು. ಹದ್ದಿನ ಬೆನ್ನನ್ನು ಮೇಲಿನಿಂದ ನೋಡಿದ್ದು ಇದೇ ಮೊದಲು.

ನನ್ನ ಮಾತು ಒಂದೇ. ಈ ಊರನ್ನು ಟೂರ್ ಬಸ್ಸಿನಲ್ಲಿ ಬಂದು ಮೂರು ಗಂಟೆ ನೋಡಿ ಹೋಗಬೇಡಿ. ಕನಿಷ್ಠ ಎರಡು ರಾತ್ರಿ ಇರಿ, ಅದೂ ವಾರದ ನಡುವೆ. ಯಾಕೆ ಅಂತ ಕೇಳಿದವರಿಗೆ ಕೆಳಗೆ ಹೇಳುತ್ತಾ ಹೋಗುತ್ತೇನೆ.

ಹಾದಿಬದಿ:

ಬರಹ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ವೆಲೆನ್ಸಿಯಾದಿಂದ ಬೆಳಗ್ಗೆ ಹೊರಟು ಹನ್ನೊಂದಕ್ಕೆ ಮುಟ್ಟಿದೆವು. ಚೌಕ ನೋಡಿದೆವು, ನೀಲಿ ಮನೆ ನೋಡಿದೆವು, ವಾಲಿಕೊಂಡಿರುವ ಆ ಹುಲಿಯನೇತಾ ಮನೆ ಮುಂದೆ ಫೋಟೋ ತೆಗೆದೆವು. ಎರಡು ಗಂಟೆಯಲ್ಲಿ ಮುಗಿಯಿತು. ಮಧ್ಯಾಹ್ನ ಎರಡರಿಂದ ಐದರವರೆಗೆ ಎಲ್ಲಾ ಮುಚ್ಚಿತ್ತು. ಬಿಸಿಲಲ್ಲಿ ಕೂರಲು ಜಾಗ ಸಿಗಲಿಲ್ಲ. ಅದೂ ಆಗಸ್ಟ್ ಶನಿವಾರ, ಕಾರು ನಿಲ್ಲಿಸಲು ಮುಕ್ಕಾಲು ಗಂಟೆ ಸುತ್ತಿದೆವು. ಊರು ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಭಾರತದಿಂದ ಹತ್ತು ದಿನಕ್ಕೆ ಬರುವವರಿಗೆ ಮೂರು ರಾತ್ರಿ ಇಲ್ಲಿ ಕಳೆಯಿರಿ ಅಂದರೆ ಹೇಗೆ?

ಕೆಂಬಂಡೆ:

ನೀವು ಹೇಳಿದ್ದು ನಿಜ. ಆಗಸ್ಟ್ ಶನಿವಾರ ಮಧ್ಯಾಹ್ನ ಆ ಊರು ಹಾಗೇ ಇರುತ್ತದೆ. ಆದರೆ ನೀವು ನೋಡಿದ್ದು ಊರು ನಿದ್ದೆ ಮಾಡುವ ಹೊತ್ತು. ಅಲ್ಲಿ ಮಧ್ಯಾಹ್ನದ ಊಟವೇ ಎರಡು ಗಂಟೆಗೆ ಶುರು, ರಾತ್ರಿ ಊಟ ಒಂಬತ್ತಕ್ಕೆ. ನಾವು ಮೊದಲ ದಿನ ಸಂಜೆ ಏಳಕ್ಕೆ ಚೌಕಕ್ಕೆ ಇಳಿದಾಗ ಅಜ್ಜಂದಿರು ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತಿದ್ದರು, ಎರಡು ಹುಡುಗರು ಚೆಂಡು ಒದೆಯುತ್ತಿದ್ದರು. ಹೊರಗಿನವರು ಅಂತ ಇದ್ದಿದ್ದು ನಾವಿಬ್ಬರು ಮತ್ತು ಬಂಡೆ ಹತ್ತುವ ಒಂದು ಗುಂಪು, ಅಷ್ಟೇ. ಆಗ ದೀಪ ಹತ್ತಿಸಿದರು. ಗೋಡೆಗಳ ಕೆಂಪು ಇನ್ನೂ ಗಾಢ ಆಯಿತು. ಕೆಲವು ಓಣಿಗಳಲ್ಲಿ ಎದುರುಬದುರು ಮನೆಗಳ ಸೂರು ಒಂದಕ್ಕೊಂದು ತಾಗುವಷ್ಟು ಹತ್ತಿರ ಇವೆ, ತಲೆಯೆತ್ತಿದರೆ ಆಕಾಶದ ಒಂದು ಗೆರೆ ಮಾತ್ರ.

ಇನ್ನೊಂದು ವಿಷಯ. ನಿಮ್ಮ ಪಟ್ಟಿಯಲ್ಲಿ ಬಾಗಿಲುಗಳು ಇಲ್ಲ. ಅಲ್ಲಿನ ಹಳೇ ಬಾಗಿಲುಗಳ ಕಬ್ಬಿಣದ ಚಿಲಕ, ತಟ್ಟುವ ಹಿಡಿಕೆಗಳನ್ನು ನೋಡಿದಿರಾ? ಹಲ್ಲಿಯೋ ಡ್ರ್ಯಾಗನ್ನೋ ಅನ್ನಿಸುವ ಪ್ರಾಣಿ, ಬಾಲ ಸುರುಳಿ ಸುತ್ತಿದೆ. ಒಂದು ಬಾಗಿಲಲ್ಲಿ ಅದರ ಬೆನ್ನು ಎಷ್ಟು ಸವೆದಿತ್ತು ಅಂದರೆ ಕಮ್ಮಾರ ಕೊರೆದಿದ್ದ ಗೆರೆಗಳು ಅಂಚಿನಲ್ಲಿ ಮಾತ್ರ ಉಳಿದಿದ್ದವು. ನಡುವೆಲ್ಲಾ ನುಣುಪು. ಎಷ್ಟು ಕೈ ಮುಟ್ಟಿರಬೇಕು ಅದನ್ನ! ನಾನೂ ಒಮ್ಮೆ ಮೆಲ್ಲಗೆ ಮುಟ್ಟಿದೆ, ತಟ್ಟಲಿಲ್ಲ, ಒಳಗೆ ಜನ ಇದ್ದರು.

ಹತ್ತು ದಿನದ ಪ್ರವಾಸದಲ್ಲಿ ಒಂದು ದೊಡ್ಡ ನಗರ ಬಿಟ್ಟರೆ ಎರಡು ರಾತ್ರಿ ಸಿಗುತ್ತದೆ. ನಾನಾದರೆ ಬಿಡುತ್ತೇನೆ.

ನೀರದೋಸೆ:

ನಮಗೆ ಈ ಊರಿನ ಹೆಸರೇ ಗೊತ್ತಿರಲಿಲ್ಲ. ಬರುವ ಏಪ್ರಿಲ್ ಕೊನೆಗೆ ಅಮ್ಮನ್ನ ಕರೆದುಕೊಂಡು ಮಂಗಳೂರಿನಿಂದ ಬರುತ್ತಿದ್ದೇನೆ. ಅಮ್ಮನಿಗೆ 66. ಮಂಡಿನೋವು ಇದೆ, ಮತ್ತೆ ಶುದ್ಧ ಸಸ್ಯಾಹಾರಿ, ಮೊಟ್ಟೆ ಕೂಡ ತಿನ್ನಲ್ಲ. ಕಾರು ಓಡಿಸಲು ನನಗೆ ಧೈರ್ಯ ಇಲ್ಲ, ಬಲಗಡೆ ಓಡಿಸಬೇಕಲ್ವಾ. ಇಷ್ಟೆಲ್ಲಾ ಇಟ್ಟುಕೊಂಡು ಹೋಗಬಹುದಾ? ಸುಮ್ನೆ ಆಸೆ ತೋರಿಸಬೇಡಿ, ನೇರವಾಗಿ ಹೇಳಿ.

ಕೆಂಬಂಡೆ:

ನೇರವಾಗಿ ಹೇಳುತ್ತೇನೆ.

ಮಂಡಿ: ಊರಿನೊಳಗೆ ಸಮತಟ್ಟು ಅನ್ನುವುದು ಚೌಕ ಒಂದೇ. ಉಳಿದಿದ್ದೆಲ್ಲಾ ಏರು ಇಳಿ, ಉರುಟು ಕಲ್ಲು ಹಾಸಿದ ಓಣಿಗಳು. ಒದ್ದೆಯಾದರೆ ಜಾರುತ್ತದೆ. ಕೋಟೆ ಗೋಡೆಯ ಮೇಲ್ಭಾಗ ಅಮ್ಮನಿಗೆ ಬೇಡ. ಆದರೆ ಚೌಕದ ಹತ್ತಿರವೇ ಕೋಣೆ ಹಿಡಿದರೆ, ಕತೀಡ್ರಲ್‌ವರೆಗೆ ನಿಧಾನಕ್ಕೆ ಹೋಗಿ ಬರಬಹುದು. ಹಳೇ ಊರಿನೊಳಗೆ ಹೊರಗಿನ ಗಾಡಿಗಳನ್ನು ಸುಮ್ಮನೆ ಬಿಡುವುದಿಲ್ಲ, ಸಾಮಾನು ಇಳಿಸಲು ಎಲ್ಲಿವರೆಗೆ ಬರಬಹುದು ಅಂತ ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ನದಿಪಕ್ಕದ ನಡಿಗೆ ದಾರಿ ಚೆನ್ನಾಗಿದೆ, ಆದರೆ ಅಲ್ಲಲ್ಲಿ ಮೆಟ್ಟಿಲು, ಮರದ ಹಲಗೆ, ಅಲುಗಾಡುವ ತೂಗುಸೇತುವೆ ಇದೆ. ಶುರುವಿನ ಭಾಗ ನಡೆದು ವಾಪಸ್ ಬನ್ನಿ.

ಊಟ: ಇದು ಕಷ್ಟ. ಕುರಿಮಾಂಸ, ಹಂದಿಮಾಂಸದ ಊರು. ತೆರುಯೆಲ್‌ನ ಹಾಮೋನ್, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆ, ದೇಶಕ್ಕೇ ಹೆಸರುವಾಸಿ. ಸಸ್ಯಾಹಾರಿ ಅಂದರೆ ಕೆಲವರಿಗೆ ದೊಡ್ಡ ಮಾಂಸದ ತುಂಡು ಬೇಡ ಅಂತ ಅರ್ಥ, ಅಷ್ಟೇ. ಒಂದು ಕಡೆ ನಾನು ತರಕಾರಿ ಅಂತ ಹೇಳಿ ತರಿಸಿದ ಬಟ್ಟಲಲ್ಲಿ ಹಾಮೋನ್ ಚೂರುಗಳಿದ್ದವು. ‘ಎನ್ಸಲಾದಾ ಮಿಕ್ಸ್ತಾ’ ಅಂದರೆ ಸಲಾಡ್, ಆದರೆ ಅದರ ಮೇಲೆ ಟ್ಯೂನಾ ಮೀನು ಹಾಕಿಯೇ ತರುತ್ತಾರೆ, ಮೊಟ್ಟೆಯೂ ಇರಬಹುದು. ಅದಕ್ಕೆ ಹೀಗೆ ಹೇಳಿ: ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತೂನ್, ಸಿನ್ ಉಯೆವೊ.’ ಮಾಂಸ, ಹಾಮೋನ್, ಟ್ಯೂನಾ, ಮೊಟ್ಟೆ ನಾಲ್ಕೂ ಬೇಡ ಅಂತ. ಹೀಗೆ ಬಿಡಿಸಿ ಹೇಳಿದ ಮೇಲೆ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ. ಆ ಗುಡ್ಡದ ಕುರಿ ಹಾಲಿನ ಚೀಸ್, ಬ್ರೆಡ್, ಟೊಮೇಟೊ, ಹುರಿದ ಕೆಂಪು ಮೆಣಸಿನಕಾಯಿ, ಬಾದಾಮಿ, ಹಣ್ಣು ಎಲ್ಲಾ ಸಿಗುತ್ತದೆ. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ವೆಲೆನ್ಸಿಯಾದಲ್ಲೋ ತೆರುಯೆಲ್‌ನಲ್ಲೋ ಅಕ್ಕಿ, ಬೇಳೆ, ಮೊಸರು ತೆಗೆದುಕೊಂಡು ಹೋಗಿ. ರಾತ್ರಿ ಅಮ್ಮ ಒಂದು ಸಾರು ಕುದಿಸಿದರೆ ಆಯಿತು.

ಬಸ್ಸು: ತೆರುಯೆಲ್‌ನಿಂದ ದಿನಕ್ಕೊಂದೇ, ಭಾನುವಾರ ಅದನ್ನೂ ನಂಬಬೇಡಿ. ಬಸ್ಸಿನ ಹೊತ್ತನ್ನು ಹೊರಡುವ ಮುಂಚೆ ನೋಡಿಕೊಳ್ಳಿ. ಆ ಬಸ್ಸು ಇರುವುದು ಹಳ್ಳಿಯವರಿಗೆ. ಅವರು ಬೆಳಗ್ಗೆ ಪೇಟೆಗೆ ಹೋಗಿ ಮಧ್ಯಾಹ್ನ ವಾಪಸ್ ಬರುತ್ತಾರೆ. ನಮ್ಮ ಲೆಕ್ಕಕ್ಕೆ ಅದು ಉಲ್ಟಾ, ಮಧ್ಯಾಹ್ನ ಊರಿಗೆ ಬಂದರೆ ಬೆಳಗ್ಗೆ ಮಾತ್ರ ಹೊರಡಲು ಆಗುತ್ತದೆ. ಅಂದರೆ ಬಸ್ಸಿನಲ್ಲಿ ಬಂದವರು ರಾತ್ರಿ ಇರಲೇಬೇಕು. ಹಾದಿಬದಿಯವರೇ, ಬಸ್ಸೂ ನನ್ನ ಕಡೆಗಿದೆ. ಅಮ್ಮನ ಜೊತೆ ಬರುವಾಗ ತೆರುಯೆಲ್‌ನಿಂದ ಟ್ಯಾಕ್ಸಿ ಮಾಡಿ, 40 ಕಿಲೋಮೀಟರ್ ಕೂಡ ಇಲ್ಲ. ವೆಲೆನ್ಸಿಯಾದಿಂದ ತೆರುಯೆಲ್‌ಗೆ ರೈಲು, ಬಸ್ಸು ಎರಡೂ ಇವೆ. ಮ್ಯಾಡ್ರಿಡ್‌ನಿಂದ ಬಸ್ಸು ಮಾತ್ರ. ರಾಜಧಾನಿಯಿಂದ ಆ ಜಿಲ್ಲಾ ಕೇಂದ್ರಕ್ಕೆ ಇವತ್ತಿಗೂ ನೇರ ರೈಲಿಲ್ಲ.

ಗಾರೆಕೆಲಸ:

ಕೆಂಪು ಗೋಡೆ ಬಗ್ಗೆ ಬರೆದು ಅದು ಯಾಕೆ ಕೆಂಪು ಅಂತ ಹೇಳದೆ ಬಿಟ್ಟಿರಲ್ಲ. ನಾನು ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿದ್ದೇನೆ, ಈ ಊರಿಗೆ ಹೋಗಿದ್ದು ಅದಕ್ಕಾಗಿಯೇ.

ಅದು ಸುಣ್ಣ ಅಲ್ಲ, ಜಿಪ್ಸಮ್. ಆ ಸುತ್ತಿನ ಜಿಪ್ಸಮ್ ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುವ ಕೆಂಪು ಜೇಡಿ ಸೇರಿರುತ್ತದೆ. ಕಲ್ಲನ್ನು ಗೂಡಿನಲ್ಲಿ ಸುಟ್ಟು ಪುಡಿ ಮಾಡಿ ನೀರು ಕಲಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿ ಆಗುತ್ತದೆ. ಸುಣ್ಣದ ಗಾರೆ ಹಾಗಲ್ಲ, ಗಾಳಿ ಕುಡಿದು ಗಟ್ಟಿ ಆಗಲು ತಿಂಗಳುಗಟ್ಟಲೆ ಬೇಕು. ಹಳೇ ಗೂಡಿನಲ್ಲಿ ಬೆಂಕಿ ಎಲ್ಲಾ ಕಡೆ ಒಂದೇ ಸಮ ಇರುತ್ತಿರಲಿಲ್ಲ. ಕೆಲವು ಕಲ್ಲು ಕಡಿಮೆ ಬೇಯುತ್ತಿತ್ತು, ಕೆಲವು ಜಾಸ್ತಿ. ಹಾಗೆ ಜಾಸ್ತಿ ಬೆಂದ ಭಾಗ ನಿಧಾನಕ್ಕೆ ಗಟ್ಟಿಯಾಗಿ ಗೋಡೆಗೆ ಬಲ ಕೊಡುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ನುಣುಪು ಪ್ಲಾಸ್ಟರಿಗೆ ಆ ಶಕ್ತಿ ಇಲ್ಲ.

ಜಿಪ್ಸಮ್‌ಗೆ ಶತ್ರು ನೀರು. ಮಳೆ ಜಾಸ್ತಿ ಇರುವ ಕಡೆ ಹೊರಗೋಡೆಗೆ ಅದನ್ನು ಬಳಸಿದರೆ ಕರಗಿಹೋಗುತ್ತದೆ. ತೆರುಯೆಲ್ ಒಣ ಸೀಮೆ, ಅದಕ್ಕೆ ನಡೆಯುತ್ತದೆ. ಆದರೂ ಸೂರನ್ನು ಅಷ್ಟು ಮುಂದೆ ಚಾಚಿ ಗೋಡೆಗೆ ಕೊಡೆ ಹಿಡಿದಿದ್ದಾರೆ. ಕೆಳಗೆ ಕಲ್ಲು, ಮೇಲೆ ಮರದ ಚೌಕಟ್ಟು, ಚೌಕಟ್ಟಿನ ನಡುವೆ ಜಿಪ್ಸಮ್ ತುಂಬಿದ ಗೋಡೆ. ಜಾಗ ಇಕ್ಕಟ್ಟು ಅಂತ ಮೇಲಿನ ಅಂತಸ್ತುಗಳು ಓಣಿಯ ಮೇಲೆ ಚಾಚಿಕೊಂಡಿವೆ. ಮರ ಹಗುರ, ಜಿಪ್ಸಮ್ ಹಗುರ. ಅದಕ್ಕೇ ಹುಲಿಯನೇತಾ ಮನೆ ಆ ಪಾಟಿ ವಾಲಿದ್ದರೂ ನಿಂತಿದೆ. ಅಲ್ಲಿ ಸಿಮೆಂಟ್ ಹಾಕಿದ್ದರೆ ಮರ ಅಲುಗಿದ ಕಡೆಯೆಲ್ಲಾ ಸೀಳು ಬಿಡುತ್ತಿತ್ತು. ತೇವ ಒಳಗೇ ಉಳಿದು ಮರ ಕೊಳೆಯುತ್ತಿತ್ತು. ನಮ್ಮಲ್ಲಿ ಎಷ್ಟೋ ಹಳೇ ತೊಟ್ಟಿಮನೆಗಳ ಮಣ್ಣುಗೋಡೆಗೆ ಸಿಮೆಂಟ್ ಗಿಲಾವು ಮಾಡಿ ಇದೇ ರೀತಿ ಹಾಳು ಮಾಡಿದ್ದೇವೆ. ನೋಡುವಾಗ ಹೊಟ್ಟೆ ಉರಿಯುತ್ತದೆ.

ಅಲ್ಲಿ 1996ರಲ್ಲಿ ಸಾಂತಾ ಮರಿಯಾ ದೆ ಅಲ್ಬರಾಸಿನ್ ಅನ್ನುವ ಪ್ರತಿಷ್ಠಾನ ಶುರುವಾಯಿತು. ಕತೀಡ್ರಲ್, ಕೋಟೆ, ಹಳೇ ಮನೆಗಳನ್ನು ಒಂದೊಂದಾಗಿ ಸರಿಮಾಡುತ್ತಾ ಬಂದಿದೆ. ಸರಿಮಾಡಿದ ಮನೆಗಳನ್ನು ಬೀಗ ಹಾಕಿ ಇಡುವುದಿಲ್ಲ. ಕೆಲವು ಮನೆಗಳಲ್ಲಿ ಉಳಿದುಕೊಳ್ಳಬಹುದು, ಕೆಲವು ಕಡೆ ತರಬೇತಿ, ಸಂಗೀತ ಕಛೇರಿ ನಡೆಯುತ್ತದೆ. ಕೋಟೆಯ ಒಳಗೆ, ಕತೀಡ್ರಲ್ ಒಳಗೆ ಹೋಗಲು ಅವರ ಗೈಡ್ ಜೊತೆಗಿನ ಭೇಟಿಯೇ ದಾರಿ. ತಪ್ಪಿಸಬೇಡಿ.

ಕೆಂಬಂಡೆ:

ಗಾರೆಕೆಲಸದವರೇ, ತುಂಬಾ ಥ್ಯಾಂಕ್ಸ್. ನಾನು ಆ ಗೋಡೆಯನ್ನು ಹತ್ತಿರದಿಂದ ನೋಡಿದಾಗ ಸಣ್ಣ ಸಣ್ಣ ಬಿಳಿ ಹರಳು, ಇದ್ದಿಲಿನ ಕಪ್ಪು ಚುಕ್ಕೆ ಕಂಡಿತ್ತು, ಏನು ಅಂತ ಗೊತ್ತಾಗಿರಲಿಲ್ಲ. ಈಗ ಅರ್ಥ ಆಯಿತು, ಗೂಡಿನ ಬೆಂಕಿಯದ್ದು. ಕೆಲವು ಕಡೆ ಗೋಡೆಯ ಮೇಲೆ ಮೇಸ್ತ್ರಿಯ ಕರಣೆ ತಿರುಗಿದ ಗುರುತು ಹಾಗೇ ಇದೆ.

ಬಂಡೆಜೀವ:

ಊರಿನ ಬಗ್ಗೆ ಎಲ್ಲಾ ಹೇಳಿದಿರಿ, ಕಾಡಿನ ಬಗ್ಗೆ ಯಾರೂ ಹೇಳಲಿಲ್ಲ! ನಮ್ಮಂಥ ಬಂಡೆ ಹತ್ತುವವರಿಗೆ ಅಲ್ಬರಾಸಿನ್ ಅಂದರೆ ಊರಿನಿಂದ ಕೆಲವೇ ಕಿಲೋಮೀಟರ್ ದೂರದ ಪಿನಾರೆಸ್ ದೆ ರೋದೆನೋ. ಪೈನ್ ಕಾಡಿನ ತುಂಬಾ ಕೆಂಪು ಮರಳುಗಲ್ಲಿನ ಗುಂಡುಗಳು. ‘ರೋದೆನೋ’ ಅಂದರೆ ಆ ಕೆಂಪು ಬಣ್ಣವೇ. ಹಗ್ಗ ಇಲ್ಲದೆ, ಕೆಳಗೆ ದಪ್ಪ ಹಾಸು ಇಟ್ಟು ಹತ್ತುವ ಬೋಲ್ಡರಿಂಗ್‌ಗೆ ಯುರೋಪಿನಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಚಳಿಗಾಲದಲ್ಲಿ ಜನ ಜಾಸ್ತಿ, ತಣ್ಣಗಿನ ಕಲ್ಲಿಗೆ ಬೆರಳು ಚೆನ್ನಾಗಿ ಕಚ್ಚುತ್ತದೆ. ಬಾದಾಮಿಯಲ್ಲಿ ಕಲಿತ ನನಗೆ ಆ ಕಲ್ಲಿನ ಒರಟು ಬೆರಳಿಗೆ ಮೊದಲೇ ಗೊತ್ತಿತ್ತು. ಆದರೆ ಇಲ್ಲಿ ಚಾವಣಿ ಥರ ಚಾಚಿದ ಬಂಡೆಗಳು ಜಾಸ್ತಿ, ತಲೆಕೆಳಗಾಗಿ ಹತ್ತಬೇಕು.

ಹೋಗುವವರು ದಯವಿಟ್ಟು ಕೇಳಿ. ಮಳೆ ಬಂದ ಮೇಲೆ ಮರಳುಗಲ್ಲು ಮೆತ್ತಗಾಗುತ್ತದೆ. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಆಗ ಹತ್ತಿದರೆ ಹಿಡಿಕೆ ಮುರಿದು ಬರುತ್ತದೆ, ಅದನ್ನು ಯಾರೂ ವಾಪಸ್ ಅಂಟಿಸಲಾರರು. ಕೆಲವು ಕಡೆ ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಹತ್ತುವ ಹಾಗಿಲ್ಲ. ಚಿತ್ರ ಇರುವ ಬಂಡೆಗಳ ಹತ್ತಿರ ಯಾವ ಕಾಲದಲ್ಲೂ ಇಲ್ಲ. ಫಲಕ ಓದಿ, ಪಾಲಿಸಿ.

ಚಿತ್ರ ಅಂದೆನಲ್ಲ, ಅದೇ ಮುಖ್ಯ. ಆ ಕಾಡಿನ ಬಂಡೆಗಳಲ್ಲಿ ಸಾವಿರಾರು ವರ್ಷ ಹಳೆಯ ಚಿತ್ರಗಳಿವೆ. ಸ್ಪೇನಿನ ಪೂರ್ವಭಾಗದ ಏಳುನೂರಕ್ಕೂ ಹೆಚ್ಚು ಇಂಥ ಜಾಗಗಳನ್ನು ಒಟ್ಟಿಗೆ 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದರು, ಅದರಲ್ಲಿ ಇವೂ ಇವೆ. ಪ್ರಾದೋ ದೆಲ್ ನವಾಸೋ ಅನ್ನುವ ಬಂಡೆ 1892ರಲ್ಲೇ ಬೆಳಕಿಗೆ ಬಂತು. ಅಲ್ಲಿ ಹೋರಿಗಳಿವೆ, ಬಿಳಿ ಬಣ್ಣದವು. ಬೇರೆ ಕಡೆ ಹೆಚ್ಚಾಗಿ ಕೆಂಪು ಬಣ್ಣ ಬಳಸಿದ್ದಾರೆ, ಇಲ್ಲಿ ಬಂಡೆಯೇ ಕೆಂಪು ಅಂತ ಬಿಳಿ ಹಚ್ಚಿದರೋ ಏನೋ ಅಂತ ನನಗೆ ಅನ್ನಿಸಿತು. ಮುಂದೆ ಕಬ್ಬಿಣದ ಜಾಲರಿ ಇದೆ. ಜಾಲರಿಗೆ ಮುಖ ಒತ್ತಿ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಬೆನ್ನಿನ ಗೆರೆ, ಕೊಂಬು, ಇನ್ನೊಂದು ಬೆನ್ನು. ಪಕ್ಕದಲ್ಲಿ ಬಿಲ್ಲು ಹಿಡಿದ ಪುಟ್ಟ ಮನುಷ್ಯ.

ಕೆಂಬಂಡೆ:

ಆ ಹೋರಿಗಳ ಮುಂದೆ ನಾನು ಜಾಸ್ತಿ ಹೊತ್ತು ನಿಂತಿದ್ದೆ. ಬಾದಾಮಿ ಹತ್ತಿರದ ಸಿಡಿಲಫಡಿ ನೆನಪಾಯಿತು. ನಮ್ಮದೂ ಮರಳುಗಲ್ಲು, ನಮ್ಮಲ್ಲೂ ಹಳೇ ಕಾಲದ ಪ್ರಾಣಿ, ಮನುಷ್ಯರ ಚಿತ್ರ. ಚಿಕ್ಕವನಿದ್ದಾಗ ಅಜ್ಜನ ಜೊತೆ ನಡೆದುಕೊಂಡು ಹೋಗಿದ್ದೆ. ಆಗ ನಾನೂ ಬೆರಳಿಟ್ಟು ಆ ಗೆರೆಗಳನ್ನು ತಿದ್ದಿದ್ದೆ, ಯಾರೂ ಬೇಡ ಅನ್ನಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಜಾಲರಿ ಇದೆ, ಗುರುತಿನ ಕಂಬ ಇದೆ, ಕಾಡಿನ ದಾರಿಗೆ ನಕ್ಷೆ ಇದೆ. ನಮ್ಮಲ್ಲೂ ಇಷ್ಟು ಮಾಡಬೇಕು. ಇದು ನನ್ನ ಮನಸ್ಸಿನ ಆಸೆ.

ಮಳೆಕೊಡಗು:

ಸಾವಿರ ಜನದ ಊರು ಅಂದಿರಿ. ಚಳಿಗಾಲದಲ್ಲಿ ಎಷ್ಟು ಜನ ಇರುತ್ತಾರೆ? ನಾನು ಸರಗೋಸಾದಲ್ಲಿ ಓದುತ್ತಿದ್ದೇನೆ, ತೆರುಯೆಲ್ ಕಡೆಯ ಗೆಳತಿಯರಿದ್ದಾರೆ. ಆ ಪ್ರಾಂತ ಸುಮಾರು 14,800 ಚದರ ಕಿಲೋಮೀಟರ್, ಜನ ಒಂದೂಕಾಲು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಚದರ ಕಿಲೋಮೀಟರಿಗೆ ಒಂಬತ್ತು ಜನ. ನಮ್ಮ ಕೊಡಗು ಕರ್ನಾಟಕದಲ್ಲೇ ಜನ ಕಡಿಮೆ ಇರುವ ಜಿಲ್ಲೆ ಅಂತೀವಿ, 2011ರ ಗಣತಿಯಲ್ಲಿ ಅಲ್ಲೂ 135 ಇತ್ತು.

ಅಲ್ಲಿನವರು ‘ತೆರುಯೆಲ್ ಎಕ್ಸಿಸ್ತೆ’ ಅಂತ ಚಳವಳಿ ಮಾಡಿದರು. ತೆರುಯೆಲ್ ಇದೆ, ನಾವೂ ಇದ್ದೇವೆ ಅಂತ ಅರ್ಥ. 2019ರ ಮಾರ್ಚ್ 31ರಂದು ಖಾಲಿಯಾಗುತ್ತಿರುವ ಹಳ್ಳಿಗಳ ಜನ ಮ್ಯಾಡ್ರಿಡ್ ಬೀದಿಗಿಳಿದರು. ಅದೇ ವರ್ಷ ನವೆಂಬರ್ ಚುನಾವಣೆಯಲ್ಲಿ ಈ ಚಳವಳಿಯವರು ಸಂಸತ್ತಿನ ಕೆಳಮನೆಯಲ್ಲೂ ಒಂದು ಸೀಟು ಗೆದ್ದರು. ಅವರು ಕೇಳುವುದು ರೈಲು, ಡಾಕ್ಟರು, ಶಾಲೆ, ಇಂಟರ್ನೆಟ್. ನನ್ನ ಗೆಳತಿಯ ಹಳ್ಳಿಯ ಶಾಲೆ ಮುಚ್ಚಿದೆ. ಅವಳ ಅಜ್ಜಿ ಚಳಿಗಾಲದಲ್ಲಿ ಬೀದಿಯಲ್ಲಿ ಒಬ್ಬಳೇ ದೀಪ ಹಚ್ಚುವವಳು.

ನನಗೆ ಒಂದು ಅನುಮಾನ ಇದೆ. ನಮ್ಮಂಥವರು ಹೋಗಿ ಮನೆ ಬಾಡಿಗೆಗೆ ಹಿಡಿದರೆ, ಎಲ್ಲಾ ಮನೆಗಳೂ ಪ್ರವಾಸಿಗಳ ಮನೆಗಳೇ ಆಗಿಬಿಟ್ಟರೆ, ಅಲ್ಲಿನ ಹುಡುಗ ಹುಡುಗಿಯರು ಎಲ್ಲಿ ಇರಬೇಕು? ಕೊಡಗಿನಲ್ಲಿ ಹೋಮ್‌ಸ್ಟೇ ನೋಡಿದ್ದೀವಲ್ಲ.

ಕೆಂಬಂಡೆ:

ನಿಮ್ಮ ಅನುಮಾನ ಸರಿ ಇದೆ. ನಾನೂ ಇದನ್ನೇ ಯೋಚಿಸಿದ್ದೆ. ನಾವು ಉಳಿದಿದ್ದ ಮನೆಯ ಯಜಮಾನಿ ಹೇಳಿದರು, ಇಲ್ಲಿ ಶಾಲೆ ಇನ್ನೂ ನಡೆಯುತ್ತಿದೆ, ಯಾಕೆಂದರೆ ಕೆಲಸ ಇದೆ. ಗಾರೆ ಕೆಲಸ, ಮರಗೆಲಸ, ಅಡುಗೆ, ಗೈಡ್, ಬಂಡೆ ಹತ್ತುವವರಿಗೆ ಹಾಸು ಬಾಡಿಗೆ ಕೊಡುವುದು. ಸುತ್ತಿನ ಹಳ್ಳಿಗಳಲ್ಲಿ ಅದೂ ಇಲ್ಲ ಅಂದರು. ಅದಕ್ಕೇ ಬೆಳಗ್ಗೆ ಬಂದು ಸಂಜೆ ಹೋಗುವುದಕ್ಕೂ ಎರಡು ದಿನ ಇರುವುದಕ್ಕೂ ವ್ಯತ್ಯಾಸ ಇದೆ ಅನ್ನುವುದು. ನಾವು ಫೆಬ್ರವರಿಯಲ್ಲೋ ನವೆಂಬರಿನಲ್ಲೋ ಒಂದು ಮಂಗಳವಾರ ರಾತ್ರಿ ಅಲ್ಲಿ ಊಟ ಮಾಡಿದರೆ, ಆ ಅಡುಗೆಮನೆ ಚಳಿಗಾಲದಲ್ಲೂ ತೆರೆದಿರುತ್ತದೆ. ಊರಿನವರೇ ನಡೆಸುವ ಮನೆಯಲ್ಲಿ ಇರಿ, ಬ್ರೆಡ್ಡು ಊರಿನ ಬೇಕರಿಯಲ್ಲಿ ತೆಗೆದುಕೊಳ್ಳಿ.

ಚಳಿ ಬಗ್ಗೆ ಎಚ್ಚರ: ಡಿಸೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವುದು ಮಾಮೂಲು. ಅದೇ ಪ್ರಾಂತದ ಕಲಮೋಚಾದಲ್ಲಿ 1963ರ ಡಿಸೆಂಬರಿನಲ್ಲಿ ಮೈನಸ್ 30 ಆಗಿತ್ತು. ಬೆಚ್ಚಗಿನ ಬಟ್ಟೆ ಕಡಿಮೆ ಮಾಡಬೇಡಿ.

ಕುರಿಹಾದಿ:

ನಾನು ಚಿಕ್ಕೋಡಿ ಕಡೆಯವನು, ಕುರುಬರ ಮನೆತನ. ನಮ್ಮ ದೊಡ್ಡಪ್ಪ ಈಗಲೂ ಕುರಿ ಹಿಂದೆ ತಿಂಗಳುಗಟ್ಟಲೆ ಹೋಗುತ್ತಾರೆ. ಕೆಲಸದ ಮೇಲೆ ಸ್ಪೇನಿಗೆ ಬಂದಾಗ ಒಂದು ಭಾನುವಾರ ಆ ಸೀಮೆಗೆ ಹೋಗಿದ್ದೆ. ನದಿಯ ಹೆಸರಿನದ್ದೇ ಒಂದು ಹಳ್ಳಿ ಇದೆ, ಗ್ವಾಡಲವಿಯಾರ್. ಅಲ್ಲಿ ಕುರಿಗಾರರ ವಲಸೆಗೇ ಒಂದು ಮ್ಯೂಸಿಯಂ ಮಾಡಿದ್ದಾರೆ. ಆ ಗುಡ್ಡದಲ್ಲಿ ಚಳಿಗಾಲಕ್ಕೆ ಮೇವಿಲ್ಲ. ಹಾಗಾಗಿ ನವೆಂಬರ್ ಹೊತ್ತಿಗೆ ಕುರಿ ಹೊಡೆದುಕೊಂಡು ದಕ್ಷಿಣಕ್ಕೆ ಆಂಡಲೂಸಿಯಾದ ಕಡೆ ಹೋಗಿ, ಬೇಸಿಗೆ ಶುರುವಿಗೆ ವಾಪಸ್ ಬರುತ್ತಾರೆ. ಈಗ ಹೆಚ್ಚಿನವರು ಲಾರಿಯಲ್ಲಿ, ಕೆಲವರು ಇನ್ನೂ ನಡೆದುಕೊಂಡೇ.

ಮ್ಯೂಸಿಯಂನಲ್ಲಿ ಕುರಿಗೆ ಕಟ್ಟುವ ಗಂಟೆ, ಕಂಬಳಿ, ತೊಗಲಿನ ಚೀಲ, ಉಪ್ಪಿನ ಬಟ್ಟಲು ಇಟ್ಟಿದ್ದಾರೆ. ಆ ಕಂಬಳಿ ನೋಡಿ ಗಂಟಲು ಕಟ್ಟಿತು. ನಮ್ಮನೆ ಗೂಟಕ್ಕೆ ನೇತು ಹಾಕಿದ್ದೇ ಅದು ಅನ್ನಿಸಿತು. ಅಲ್ಲಿ ಕುರಿ ನಡೆಯುವ ಹಾದಿಗಳಿಗೆ ಕಾನೂನಿದೆ, 1995ರದ್ದು. ಆ ಹಾದಿ ಸಾರ್ವಜನಿಕರದ್ದು, ಯಾರೂ ಒತ್ತುವರಿ ಮಾಡುವ ಹಾಗಿಲ್ಲ. ನಮ್ಮ ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವರು ಎರಡು ಸಲ ಕೇಳಿದರು, ‘ಕುರಿಗೆ ಅಂತ ಸರ್ಕಾರ ಹಾದಿ ಬಿಟ್ಟದ ಅಂತೀ?’ ಅಂತ.

ಕಾರು ಇದ್ದವರು ಫ್ರೀಯಾಸ್ ದೆ ಅಲ್ಬರಾಸಿನ್ ಹತ್ತಿರ ತಾಹೋ ನದಿ ಹುಟ್ಟುವ ಜಾಗವನ್ನೂ ನೋಡಿ. ಐಬೀರಿಯಾದ ಅತಿ ಉದ್ದದ ನದಿ, ಸಾವಿರ ಕಿಲೋಮೀಟರ್ ಹರಿದು ಲಿಸ್ಬನ್‌ನಲ್ಲಿ ಸಮುದ್ರ ಸೇರುತ್ತದೆ. ಹುಟ್ಟುವಲ್ಲಿ ಒಂದು ಒಸರು, ಅಷ್ಟೇ. ಕಲೋಮಾರ್ದೆ ಹಳ್ಳಿಯ ಕೊರಕಲಿನ ಹಲಗೆ ದಾರಿ, ಜಲಪಾತ ಕೂಡ ಹತ್ತಿರವೇ.

ಹಾದಿಬದಿ:

ಇಷ್ಟೆಲ್ಲಾ ಓದಿದ ಮೇಲೆ ಒಪ್ಪುತ್ತೇನೆ, ನಾನು ಕಾಡಿಗೂ ಹೋಗಲಿಲ್ಲ, ಕೋಟೆಯ ಒಳಗೂ ಹೋಗಲಿಲ್ಲ. ಹಾಗಂತ ಕಾರಿಲ್ಲದೆ ಇದನ್ನೆಲ್ಲಾ ನೋಡಲು ಆಗಲ್ಲ ಅನ್ನುವುದನ್ನೂ ಹೇಳಿ. ಬಾಡಿಗೆ ಕಾರಿನವರು ನಮ್ಮ ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಕೇಳಿದರು, ಊರಿನ ಆರ್‌ಟಿಓದಲ್ಲಿ ಮೊದಲೇ ಮಾಡಿಸಿದ್ದರಿಂದ ಬಚಾವ್. ಒಂದು ಕಡೆ ಡೆಪಾಸಿಟ್ ದುಡ್ಡು ವಾಪಸ್ ಬರಲು ಆರು ವಾರ ಹಿಡಿಯಿತು. ಕಾರು ತೆಗೆದುಕೊಳ್ಳುವಾಗಲೇ ನಾಲ್ಕೂ ಕಡೆಯಿಂದ ವಿಡಿಯೋ ಮಾಡಿಟ್ಟುಕೊಳ್ಳಿ. ವೀಸಾಕ್ಕೂ ಬೇಗ ಹಾಕಿ. ಶೆಂಗೆನ್ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಬೇಸಿಗೆಗೆ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ನೀರದೋಸೆ:

ಮೇ ತಿಂಗಳಲ್ಲಿ ಬಂದು ಬರೆಯುತ್ತಿದ್ದೇನೆ. ಹೋಗಿ ಬಂದೆವು! ಎರಡು ರಾತ್ರಿ, ಚೌಕದ ಹತ್ತಿರದ ಮನೆ, ಅಡುಗೆಮನೆ ಇತ್ತು. ತೆರುಯೆಲ್‌ನಿಂದ ಟ್ಯಾಕ್ಸಿ. ಅಮ್ಮ ಕತೀಡ್ರಲ್‌ವರೆಗೆ ನಡೆದರು, ಅಲ್ಲಿನ ಹಳೇ ನೇಯ್ಗೆಯ ಪರದೆಗಳನ್ನು ಅರ್ಧ ಗಂಟೆ ನೋಡಿದರು. ಸೀರೆ ಅಂಚು ನೋಡುವ ಹಾಗೆ ಬಗ್ಗಿ ಬಗ್ಗಿ ನೋಡಿದರು. ಕೋಟೆ ಗೋಡೆಗೆ ನಾನೊಬ್ಬಳೇ ಬೆಳಗ್ಗೆ ಹತ್ತಿದೆ. ‘ಸಿನ್ ಹಾಮೋನ್’ ವಾಕ್ಯ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದು ಹೋಟೆಲಿನಾಕೆ ಚೀಟಿ ಒಳಗೆ ತೆಗೆದುಕೊಂಡು ಹೋಗಿ ಅಡುಗೆಯವರಿಗೆ ಓದಿ ಹೇಳಿ ಬಂದರು. ಬೆಳ್ಳುಳ್ಳಿ ಹಾಕಿ ಹುರಿದ ಅಣಬೆ, ಹುರಿದ ಮೆಣಸಿನಕಾಯಿ, ಚೀಸ್ ಬಂತು. ಅಮ್ಮ ಅಣಬೆ ಮುಟ್ಟಲಿಲ್ಲ, ಮೆಣಸಿನಕಾಯಿ ಎರಡು ಸಲ ಹಾಕಿಸಿಕೊಂಡರು.

ನೀವು ಯಾರೂ ಹೇಳದ ಒಂದು ವಿಷಯ ಹೇಳಬೇಕು. ನಾವು ಹೋಗಿದ್ದು ಏಪ್ರಿಲ್ 30. ಆ ರಾತ್ರಿ ಅಲ್ಲಿ ‘ಲೋಸ್ ಮಾಯೋಸ್’ ಅಂತ ವಸಂತದ ಹಬ್ಬ, ನಮಗೆ ಗೊತ್ತೇ ಇರಲಿಲ್ಲ. ತಡರಾತ್ರಿ ಗಿಟಾರ್ ಸದ್ದು ಕೇಳಿ ಎದ್ದೆವು. ಊರಿನ ಗಂಡಸರು ಓಣಿ ಓಣಿ ಸುತ್ತಿ ಮನೆಗಳ ಕಿಟಕಿ ಕೆಳಗೆ ನಿಂತು ಹಾಡುತ್ತಿದ್ದರು. ಸಿಕ್ಕಾಪಟ್ಟೆ ಚಳಿ. ಅಮ್ಮ ಶಾಲು ಹೊದ್ದು ಕಿಟಕಿ ತೆಗೆದರು. ಕೆಳಗಿದ್ದ ಒಬ್ಬ ಅಜ್ಜ ಮೇಲೆ ನೋಡಿ ಟೋಪಿ ತೆಗೆದು ಎದೆಗಿಟ್ಟುಕೊಂಡು ಹಾಡು ಮುಂದುವರಿಸಿದರು. ಅವರು ಮುಂದಿನ ಓಣಿಗೆ ತಿರುಗಿದ ಮೇಲೂ ಅಮ್ಮ ಕಿಟಕಿ ಹಾಕಲು ಬಿಡಲಿಲ್ಲ.

ಕೆಂಬಂಡೆ:

ಓದಿ ತುಂಬಾ ಖುಷಿ ಆಯಿತು. ಮಾಯೋಸ್ ನಾವೂ ನೋಡಿಲ್ಲ. ಮುಂದಿನ ವರ್ಷ ಏಪ್ರಿಲ್ 29ಕ್ಕೆ ಈಗಲೇ ಅದೇ ಮನೆ ಕೇಳಿ ಮೆಸೇಜ್ ಹಾಕಿದ್ದೇನೆ. ಹಾದಿಬದಿಯವರೇ, ಇನ್ನೊಂದು ಕೋಣೆ ಖಾಲಿ ಇದೆಯಂತೆ, ಬರುತ್ತೀರಾ?